ಒಂದೇ ತಾರೀಖಿನ ಹತ್ತು ಸಾಲು

ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ವ್ಯಾನಿನ ಎರಡನೆಯ ಬ್ಯಾಟರಿ ಸೋರುತ್ತಿರುವುದು ಗೊತ್ತಾಯಿತು. ಹೊರಗೆ ನಲವತ್ತಮೂರು ಡಿಗ್ರಿ ಬಿಸಿಲು. ಬಟ್ಟೆ ಅಂಗಡಿಗಳ ಸಾಲಿನ ಹಿಂದಿನ ಅಂಗಳದಲ್ಲಿ ವ್ಯಾನ್ ನಿಂತಿತ್ತು. ಬೆಳಿಗ್ಗೆಯಿಂದ ಅದರ ಮೇಲಿದ್ದ ಗೋಡೆಯ ನೆರಳು ಒಂದು ಗಂಟೆಗೇ ಸರಿದುಹೋಗಿತ್ತು.

ತಮ್ಮ ಹೊರಗೆ ಟಾರ್ಪಾಲಿನ ಕೆಳಗೆ ಒಂದು ಹೊಲಿಗೆ ಮಿಷನ್ನಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ. ಒಳಗಿನಿಂದ ಅಕ್ಕ ಕರೆದಳು.

"ಪುಟ್ಟಾ, ಕಾಲು ಉರೀತಿದೆ."

"ಈ ಬಿಸಿಲಿಗೆ ಎಲ್ಲಾ ಉರಿಯತ್ತೆ ಅಕ್ಕ. ನನ್ನ ತಲೇನೂ ಉರೀತಿದೆ."

"ತಲೆ ಉರೀಬೇಕಾದ್ರೆ ಒಳಗೆ ಏನಾದ್ರೂ ಇರ್ಬೇಕು. ಎದ್ದು ಬಾ. ಕೊಳೆತ ಮೊಟ್ಟೆ ವಾಸನೆ ಬರ್ತಿದೆ."

ಪುಟ್ಟನಿಗೆ ಐವತ್ತೊಂಬತ್ತು ವರ್ಷ. ಅಕ್ಕನಿಗೆ ಅರವತ್ತೆಂಟು. ಹನ್ನೊಂದು ವರ್ಷಗಳಿಂದ ಇಬ್ಬರೂ ಈ ವ್ಯಾನಿನಲ್ಲೇ ಇದ್ದರು. ಊರೂರು ಸುತ್ತಿ ದರ್ಜಿಗಳ, ಸಣ್ಣ ಕಾರ್ಖಾನೆಗಳ ಹೊಲಿಗೆ ಮಿಷನ್ ರಿಪೇರಿ ಮಾಡುವುದು ಅವನ ಕೆಲಸ. ಯಾವ ಊರಿಗೆ ಯಾವತ್ತು, ಯಾವ ದರ್ಜಿಯ ಮಿಷನ್ನಿಗೆ ಯಾವ ಬಿಡಿಭಾಗ ಎಂಬ ಲೆಕ್ಕವೆಲ್ಲ ಅವಳದು. ಅದಕ್ಕೂ ಮೊದಲು ಮೂವತ್ತು ವರ್ಷ ಅವಳು ಆಸ್ಪತ್ರೆಯ ಲ್ಯಾಬಿನಲ್ಲಿದ್ದವಳು. ಮದುವೆಯಾಗಲಿಲ್ಲ. ಅವನು ಆದ, ಎರಡೇ ವರ್ಷಕ್ಕೆ ಹೆಂಡತಿ ತೀರಿಕೊಂಡಳು.

ಅವನು ವ್ಯಾನಿನ ಬಾಗಿಲಿಗೆ ಬಂದಾಗ ಅಕ್ಕ ತನ್ನ ಬೆಂಚಿನ ಮೇಲೆ ಕಾಲು ಎತ್ತಿ ಕೂತಿದ್ದಳು. ಬೆಂಚಿನ ಕೆಳಗಿನಿಂದ ಎಣ್ಣೆಯ ಹಾಗೆ ಹೊಳೆಯುವ ದ್ರವ ನೆಲದ ಹಾಸಿನ ಮೇಲೆ ಹರಿದು, ಬಾಗಿಲ ಬಳಿ ಬಿಟ್ಟಿದ್ದ ಅವಳ ಚಪ್ಪಲಿಯವರೆಗೆ ಬಂದಿತ್ತು. ಬಲಗಾಲಿನ ಹೊರಅಂಚು ಕೆಂಪಾಗಿತ್ತು.

ವ್ಯಾನಿಗೆ ಎರಡು ಬ್ಯಾಟರಿ. ಮುಂದಿನದು ಇಂಜಿನ್ನಿಗೆ. ಬೆಂಚಿನ ಕೆಳಗಿನದು ಫ್ಯಾನಿಗೆ, ಲೈಟಿಗೆ, ಸಣ್ಣ ಫ್ರಿಜ್ಜಿಗೆ. ಅಂಗಡಿಯವರು ಅದನ್ನು ಲೀಷರ್ ಬ್ಯಾಟರಿ ಎನ್ನುತ್ತಾರೆ. ರಜೆಯಲ್ಲಿ ಸುತ್ತಾಡುವವರ ಗಾಡಿಗೆಂದು ಮಾಡಿದ್ದಂತೆ. ಕೊಂಡ ದಿನವೇ ಅಕ್ಕ ನಕ್ಕಿದ್ದಳು: "ರಜೆ ಯಾರಿಗಪ್ಪಾ ಇಲ್ಲಿ?" ಅಂದಿನಿಂದ ಅದು ಮನೆ ಬ್ಯಾಟರಿಯಾಯಿತು.

"ಆಸಿಡ್ಡು," ಎಂದಳು ಅಕ್ಕ. "ಬರಿಗಾಲಲ್ಲಿ ಒಳಗೆ ಬರ್ಬೇಡ. ಬೂಟು ಹಾಕ್ಕೋ. ಮೊದಲು ಚಾವಣಿ ಮೇಲಿನ ಸೋಲಾರ್ ಸ್ವಿಚ್ ಆಫ್ ಮಾಡು, ಆಮೇಲೆ ಫ್ಯಾನು, ಫ್ರಿಜ್ಜು. ಎಲ್ಲಾ ಬಾಗಿಲು ತೆಗಿ. ಬೆಂಕಿಕಡ್ಡಿ ಗೀಚಬೇಡ."

"ನಾನ್ಯಾಕೆ ಗೀಚಲಿ?"

"ಗಾಬರಿಯಾದ್ರೆ ಬೀಡಿ ಹಚ್ತೀಯ. ಅದಕ್ಕೆ ಹೇಳ್ದೆ."

ಅವನು ಅವಳನ್ನು ಎತ್ತಿಕೊಂಡು ಹಿಂದಿನ ಬಾಗಿಲಿನಿಂದ ಇಳಿಸಿದ. ಅಂಗಳದ ನಲ್ಲಿಯ ಕೆಳಗೆ ಕಾಲು ಹಿಡಿದು ಅವಳು ಇಪ್ಪತ್ತು ನಿಮಿಷ ನಿಂತಳು. ಸಾಕು ಬಾ ಎಂದರೂ ಕೈಗಡಿಯಾರ ನೋಡುತ್ತ ನಿಂತಳು. ಅಲ್ಲಿಂದಲೇ ಒಂದೊಂದನ್ನೂ ಹೇಳಿಕೊಟ್ಟಳು: ರಬ್ಬರ್ ಗ್ಲೌಸು ಹಾಕು, ಕಣ್ಣಿಗೆ ಕನ್ನಡಕ ಇರಲಿ, ನೆಗೆಟಿವ್ ತಂತಿ ಮೊದಲು ಬಿಚ್ಚು, ಅಡುಗೆ ಸೋಡಾ ಪೂರ್ತಿ ಡಬ್ಬಿ ಸುರಿ, ನೊರೆ ಏಳೋದು ನಿಲ್ಲೋವರೆಗೂ ಒರೆಸಬೇಡ. ಅವನು ಹಾಗೆಯೇ ಮಾಡಿದ. ಸೋಡಾ ಬಿದ್ದಲ್ಲೆಲ್ಲ ದ್ರವ ಸುಯ್ಯೆಂದು ಬಿಳಿ ನೊರೆಯಾಯಿತು. ಬೆಂಚಿನ ಹಲಗೆಯನ್ನು ಎತ್ತಿ ಮಗುಚಿ ಪಕ್ಕಕ್ಕಿಟ್ಟ. ಬ್ಯಾಟರಿಯ ಆರೂ ಸೆಲ್ಲುಗಳ ಬಿರಡೆಗಳ ಸುತ್ತ ದ್ರವ ನಿಂತಿತ್ತು. ಕೆಳಗಿನ ಪ್ಲಾಸ್ಟಿಕ್ ತಟ್ಟೆ ತುಂಬಿ ತುಳುಕಿತ್ತು.

ಕೆಲಸ ಮುಗಿಯುವಾಗ ಮೂರು ಗಂಟೆ. ಅಕ್ಕನ ಕಾಲಿಗೆ ಗುಳ್ಳೆ ಏಳಲಿಲ್ಲ. ಟಾರ್ಪಾಲಿನ ಕೆಳಗೆ ಕುರ್ಚಿ ಹಾಕಿ ಅವಳನ್ನು ಕೂರಿಸಿದ. ಅವನಿಗೆ ಒಂದು ಬಗೆಯ ಸಮಾಧಾನವೇ ಆಯಿತು. ಇಷ್ಟೊಂದನ್ನು ಹೀಗೆ ಹಂತಹಂತವಾಗಿ ಹೇಳಬಲ್ಲವಳ ತಲೆಗೆ ಏನಾಗಿದೆ? ತಂಗಿ ಇದನ್ನು ನೋಡಬೇಕಿತ್ತು.

ಅಕ್ಕನ ಬಗ್ಗೆ ತಂಗಿಯ ಜೊತೆ ಮಾತು ಚಳಿಗಾಲದಲ್ಲಿ ಆದದ್ದು. ಇವರಿಬ್ಬರಿಗೂ ಕಿರಿಯಳಾದ ತಂಗಿ ಪಟ್ಟಣದ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ. ಅಕ್ಕ ಎರಡು ಸಲ ಟೀಪುಡಿ ಹಾಕದೆ ಟೀ ಕಾಯಿಸಿದ್ದು, ಒಮ್ಮೆ ಬೇರೆ ಯಾರದೋ ವ್ಯಾನಿನ ಬಾಗಿಲು ತಟ್ಟಿ "ಪುಟ್ಟಾ ತೆಗಿಯೋ" ಎಂದು ಜಗಳಕ್ಕೆ ನಿಂತದ್ದು ಅವಳ ಕಿವಿಗೆ ಬಿದ್ದಿತ್ತು. ಅವಳ ಅಡುಗೆಮನೆಯಲ್ಲಿ ಅಣ್ಣ ತಂಗಿ ನಿಂತು ಮೆಲ್ಲಗೆ ಜಗಳವಾಡಿದ್ದರು.

"ಅಕ್ಕನ್ನ ನನ್ನ ಹತ್ರ ಬಿಡು ಅಣ್ಣ. ಒಂದು ರೂಮಿದೆ. ಹಗಲು ನೋಡ್ಕೊಳ್ಳೋಕೆ ಹೆಂಗಸೊಬ್ಬಳನ್ನ ಇಡ್ತೀನಿ."

"ನಾಲ್ಕು ಗೋಡೆ ನಡುವೆ ಕೂರಿಸ್ತೀಯಾ? ಅವಳಿಗೇನಾಗಿದೆ? ಮನೆ ಬ್ಯಾಟರಿಗೆ ಇವತ್ತಿಗೂ ಅವಳೇ ನೀರು ಹಾಕೋದು. ತಿಂಗಳಿಗೆ ಎರಡು ಸಲ, ಒಂದು ಮತ್ತೆ ಹದಿನಾರು. ಒಂದು ಹನಿ ಆಚೀಚೆ ಆಗಿಲ್ಲ. ತಲೆ ಕೆಟ್ಟವಳು ಮಾಡೋ ಕೆಲಸಾನಾ ಅದು?"

"ಸರಿ," ಅಂದಿದ್ದಳು ತಂಗಿ. "ಬ್ಯಾಟರೀನೇ ಸಾಕ್ಷಿ ಅಂದೆ. ಅದರಲ್ಲಿ ತಪ್ಪಿದ ದಿನ ಫೋನ್ ಮಾಡು. ಮಾಡ್ತೀನಿ ಅಂತ ನನ್ನ ಕಣ್ಣು ನೋಡಿ ಹೇಳು."

ಅವನು ಹೇಳಿದ್ದ. ಹೇಳುವಾಗ ಅವನಿಗೆ ಯಾವ ಅಳುಕೂ ಇರಲಿಲ್ಲ.

ಆ ಬೆಂಚಿನ ಕೆಳಗಿನ ಪೆಟ್ಟಿಗೆಯನ್ನು ಅವನು ತೆರೆಯುವುದೇ ಇರಲಿಲ್ಲ. ಅದು ಅವಳ ರಾಜ್ಯ. ಲ್ಯಾಬಿನಿಂದ ತಂದ ಗಾಜಿನ ಪಿಪೆಟ್ಟಿನಿಂದ ಅಳೆದು ಪ್ರತಿ ಸೆಲ್ಲಿಗೂ ಬ್ಯಾಟರಿ ನೀರು ಹಾಕುತ್ತಿದ್ದಳು. ಹಲಗೆಯ ಒಳಮೈಗೆ ಬಿಳಿ ಬಣ್ಣ ಬಳಿದು, ದಾರದಲ್ಲಿ ಒಂದು ಪೆನ್ಸಿಲು ಕಟ್ಟಿದ್ದಳು. ಹಾಕಿದಾಗಲೆಲ್ಲ ಅದರ ಮೇಲೆ ತಾರೀಖು, ಸೆಲ್ಲಿಗೆ ಎಷ್ಟು ಮಿಲಿ, ಕೊನೆಗೆ ಸಹಿ. ಈ ತಿಂಗಳು ಬ್ಯಾಟರಿ ನೀರಿನ ಕ್ಯಾನು ಬೇಗ ಖಾಲಿಯಾದಾಗ ಅವನು ಮಾತಾಡದೆ ಇನ್ನೊಂದು ತಂದಿಟ್ಟಿದ್ದ. ಬಿಸಿಲು ಕುಡಿಯುತ್ತಿದೆ ಎಂದುಕೊಂಡಿದ್ದ. ಬಿಸಿಲು ಇಷ್ಟು ಕುಡಿಯುತ್ತದೆಯೇ ಎಂದು ತನ್ನನ್ನು ತಾನು ಕೇಳಿಕೊಂಡಿರಲಿಲ್ಲ.

ಬ್ಯಾಟರಿ ಅಂಗಡಿಗೆ ಫೋನ್ ಮಾಡಿದ. ಕಂಪನಿ ಮಾಲು ಸರಿಯಿಲ್ಲ, ಎರಡೇ ವರ್ಷಕ್ಕೆ ಸೋರುತ್ತಿದೆ ಎಂದು ಸ್ವಲ್ಪ ಜೋರಾಗಿಯೇ ಹೇಳಿದ. ನಾಲ್ಕು ಗಂಟೆಗೆ ಆಳು ಬರುತ್ತಾನೆ ಎಂದರು.

ಆಮೇಲೆ ಒರೆಸಲೆಂದು ಹಲಗೆಯನ್ನು ಎತ್ತಿಕೊಂಡ. ಮಗುಚಿ ಇಟ್ಟಿದ್ದ ಬಿಳಿ ಮೈ ಈಗ ಅವನ ಕಡೆಗಿತ್ತು.

ಸಾಲುಗಳು ನೇರವಾಗಿದ್ದವು, ಅಕ್ಷರ ದುಂಡಗಿತ್ತು. ಒಂದನೇ ತಾರೀಖು, ಸೆಲ್ಲಿಗೆ ನಲವತ್ತು ಮಿಲಿ, ಸಹಿ. ಹದಿನಾರು, ನಲವತ್ತು, ಸಹಿ. ಮತ್ತೆ ಒಂದು. ಮತ್ತೆ ಹದಿನಾರು. ಅದರ ಕೆಳಗೆ ಹದಿನಾರು, ನಲವತ್ತು, ಸಹಿ. ಅದರ ಕೆಳಗೆ ಹದಿನಾರು. ಬೆರಳಿಟ್ಟು ಎಣಿಸಿದ. ಈ ತಿಂಗಳ ಹದಿನಾರನೇ ತಾರೀಖಿನ ಹತ್ತು ಸಾಲು ಇತ್ತು. ಹತ್ತಕ್ಕೂ ಸಹಿಯಿತ್ತು.

ಅಂದು ಇಪ್ಪತ್ತೇಳು.

ಅವನು ಹಲಗೆಯನ್ನು ಗೋಡೆಯ ಕಡೆಗೆ ಮುಖ ಮಾಡಿ ಒರಗಿಸಿಟ್ಟು, ಬೀಡಿ ಕಟ್ಟು ತೆಗೆದುಕೊಂಡು ಅಂಗಳದ ಆ ತುದಿಗೆ ಹೋದ. ಹಚ್ಚಲಿಲ್ಲ.

ಬ್ಯಾಟರಿಯವನು ನಾಲ್ಕಕ್ಕೆ ಐದು ನಿಮಿಷವಿರುವಾಗ ಬಂದ. ಮೂವತ್ತರ ಆಸುಪಾಸಿನ, ಮಾತು ಹೆಚ್ಚಿನ ಆಸಾಮಿ. ಬಿರಡೆ ಬಿಚ್ಚಿ ಇಣುಕಿದವನೇ ಹುಬ್ಬೇರಿಸಿದ.

"ಏನ್ ಮಾಸ್ಟ್ರೇ, ಇದು ಬ್ಯಾಟರೀನಾ ಬಾವೀನಾ? ಕೊಡಪಾನ ಇಳಿಸಿದ್ರೆ ನೀರು ಸೇದಬಹುದು."

"ಕಂಪನಿ ಡಬ್ಬ ಬಿರುಕು ಬಿಟ್ಟಿರಬೇಕು ನೋಡು."

"ಡಬ್ಬ ಗುಂಡುಕಲ್ಲಿದ್ದ ಹಾಗಿದೆ." ಅವನು ಆಸಿಡ್ಡಿನ ಗಾಢತೆ ಅಳೆಯುವ ಹೈಡ್ರೋಮೀಟರಿನ ರಬ್ಬರ್ ಒತ್ತಿ ಒಂದೊಂದೇ ಸೆಲ್ಲಿನಿಂದ ದ್ರವ ಹೀರಿ ನೋಡಿದ. ಗಾಜಿನ ಕೊಳವೆಯೊಳಗಿನ ತೇಲುವ ಕಡ್ಡಿ ತೇಲುವುದಕ್ಕಿಂತ ಮುಳುಗುವುದೇ ಹೆಚ್ಚಾಗಿತ್ತು. "ಸಾವಿರದ ಇನ್ನೂರ ಎಪ್ಪತ್ತು ತೋರಿಸಬೇಕು. ಸಾವಿರದ ನೂರ ಹತ್ತಕ್ಕೆ ಬಂದಿದೆ. ಇದರಲ್ಲಿ ಆಸಿಡ್ಡೇ ಉಳಿದಿಲ್ಲ, ಎಲ್ಲಾ ಹೊರಗೆ ಚೆಲ್ಲಿದೆ. ತುಂಬಿದ್ದಕ್ಕೆ ತುಂಬಿ ತುಂಬಿ, ಮೇಲಿಂದ ಈ ಬಿಸಿಲು. ಉಕ್ಕದೆ ಏನ್ ಮಾಡತ್ತೆ? ಯಾರ್ ನೀರು ಹಾಕೋದು?"

ಅಕ್ಕ ಹತ್ತು ಅಡಿ ದೂರದಲ್ಲಿ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದಳು.

"ನಾನೇ," ಎಂದ ತಮ್ಮ.

"ದಿನಾ ಹಾಕ್ತಿದ್ರಾ? ಗಿಡಕ್ಕೆ ಹಾಕಿದ ಹಾಗೆ?"

"ಬಿಸಿಲು ಜಾಸ್ತಿ ಅಂತ..."

"ಮಿಷನ್ ರಿಪೇರಿ ಮಾಡೋರು ನೀವು. ಹೊಲಿಗೆ ಮಿಷನ್ನಿಗೆ ದಿನಾ ಒಂದು ಲೀಟರ್ ಎಣ್ಣೆ ಸುರೀತೀರಾ?" ಅವನು ಗದರಿಸುವಂತೆಯೇ ಹೇಳಿ, ಮುಖ ನೋಡಿ ಸ್ವಲ್ಪ ತಗ್ಗಿದ. "ಹೋಗ್ಲಿ ಬಿಡಿ. ಸದ್ಯ, ಕಿಡಿ ಗಿಡಿ ಬಿದ್ದಿಲ್ಲ. ಇನ್ನು ಇದು ಕೆಲಸಕ್ಕೆ ಬರಲ್ಲ. ನಾಳೆ ಬೇರೆ ತಂದು ಕೂರಿಸ್ತೀನಿ."

ಹಳೆಯದನ್ನು ಗೋಣಿಚೀಲದ ಮೇಲಿಟ್ಟು ಎಳೆದುಕೊಂಡು ಹೋದ. ವ್ಯಾನಿನಲ್ಲಿ ಫ್ಯಾನಿಲ್ಲ, ಫ್ರಿಜ್ಜಿಲ್ಲ. ಹೋಗುವ ಮುಂಚೆ ಕುರ್ಚಿಯ ಕಡೆ ತಿರುಗಿ, "ಅಮ್ಮಾ, ಮಾಸ್ಟ್ರ ಕೈಗೆ ನೀರಿನ ಕ್ಯಾನು ಕೊಡ್ಬೇಡಿ," ಎಂದು ನಕ್ಕ. ಅಕ್ಕ ಕಣ್ಣು ತೆರೆದು ಅವನನ್ನು ನೋಡಿದಳು.

ಇಲ್ಲಿಗೆ ಮುಗಿಯಬಹುದಿತ್ತು. ತಮ್ಮ ಅದನ್ನು ಲೆಕ್ಕ ಹಾಕಿಯೇ ಇದ್ದ. ತಪ್ಪು ತನ್ನದೆಂದು ಒಪ್ಪಿಕೊಂಡದ್ದಾಯಿತು. ಬ್ಯಾಟರಿಯವನೇ ಸಾಕ್ಷಿ. ತಂಗಿಗೆ ಫೋನ್ ಮಾಡಬೇಕಾದ ಕಾರಣವೇ ಇಲ್ಲ. ನಾಳೆಯಿಂದ ನೀರು ತಾನೇ ಹಾಕಿದರಾಯಿತು. ಕ್ಯಾನನ್ನು ಮುಂದಿನ ಸೀಟಿನ ಕೆಳಗೆ ಬೀಗ ಹಾಕಿಟ್ಟರಾಯಿತು. ಉಳಿದದ್ದು ಹಲಗೆಯೊಂದೇ.

ಉಪಕರಣದ ಪೆಟ್ಟಿಗೆಯಿಂದ ಉಜ್ಜುಕಾಗದ ತೆಗೆದು ವ್ಯಾನಿನ ಹಿಂದೆ ಕೂತು ಕೆಳಗಿನ ಸಾಲಿನಿಂದ ಶುರು ಮಾಡಿದ. ಪೆನ್ಸಿಲಿನ ಗುರುತು ಸುಲಭವಾಗಿ ಹೋಯಿತು. ಹತ್ತನೆಯ ಸಾಲು ಪೂರ್ತಿ ಅಳಿಸಿ, ಒಂಬತ್ತನೆಯದರ ಸಹಿಯ ಮೇಲೆ ಕಾಗದ ಇಟ್ಟಿದ್ದ.

"ಏನು ಉಜ್ಜುತ್ತಿದ್ದೀಯ?"

ಅಕ್ಕ ವ್ಯಾನಿನ ಮೈ ಹಿಡಿದುಕೊಂಡು ಒಂದು ಕಾಲು ಊರದೆ ನಿಂತಿದ್ದಳು.

"ಆಸಿಡ್ ಕಲೆ."

"ತೋರಿಸು."

"ಕಲೆ ಅಂದ್ನಲ್ಲ ಅಕ್ಕ. ನೀನು ಕೂತ್ಕೋ, ಕಾಲು—"

"ಪುಟ್ಟಾ. ತೋರಿಸು."

ಅವಳ ಆ ದನಿಗೆ ಅವನು ಆರನೆಯ ವಯಸ್ಸಿನಿಂದ ಎದುರು ನಿಂತವನಲ್ಲ. ಅಮ್ಮ ಹೋದ ವರ್ಷದಿಂದ ಅವನಿಗೂ ತಂಗಿಗೂ ಊಟಕ್ಕೆ ಕರೆದದ್ದು, ಹೊಡೆದದ್ದು, ಹಣೆ ಮುಟ್ಟಿ ಜ್ವರ ನೋಡಿದ್ದು ಆ ದನಿಯೇ. ಹಲಗೆ ಕೊಟ್ಟ.

ಅವಳು ಟಾರ್ಪಾಲಿನ ಕೆಳಗೆ ಹೋಗಿ ಕೂತು, ಕನ್ನಡಕ ಹಾಕಿಕೊಂಡು, ಹಲಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ಮೇಲಿನಿಂದ ಓದಿದಳು. ಓದುವಾಗ ತುಟಿ ಅಲುಗುತ್ತಿತ್ತು. ಬಹಳ ಹೊತ್ತು ಓದಿದಳು. ಅವನು ಎದುರಿಗೆ ಸ್ಟೂಲಿನ ಮೇಲೆ ಕೂತು, ಬಿಚ್ಚಿಟ್ಟ ಮಿಷನ್ನಿನ ಒಂದು ತಿರುಪನ್ನು ಕೈಯಲ್ಲಿ ಹೊರಳಿಸುತ್ತಿದ್ದ.

"ಇವತ್ತು ಎಷ್ಟು ತಾರೀಖು?" ಎಂದು ಕೇಳಿದಳು.

ಅವನು ತಿರುಪನ್ನು ಕೆಳಗಿಟ್ಟ.

"ಹದಿನಾರು ಅಂತ ನನ್ನ ತಲೇಲಿದೆ. ಇಲ್ಲಿ ನೋಡಿದ್ರೆ ಹದಿನಾರು ಆಗಲೇ ಆಗಿಹೋಗಿದೆ. ಎಷ್ಟು ಸಲ ಆಗಿಹೋಗಿದೆ! ಇವತ್ತು ಎಷ್ಟು?"

"ಇಪ್ಪತ್ತೇಳು."

ಅವಳು ತಲೆಯಾಡಿಸಿದಳು. ವರದಿಯೊಂದನ್ನು ಕೈಗೆ ತೆಗೆದುಕೊಂಡವರ ಹಾಗೆ ಬೆರಳಿಟ್ಟು ಎಣಿಸಿದಳು. "ಒಂಬತ್ತು ಇದೆ. ಇಲ್ಲಿ ಕೆಳಗೆ ಇನ್ನೊಂದು ಇತ್ತು. ನೀನು ಅಳಿಸಿದ್ದು. ಹತ್ತು. ಬೇಕಾಗಿದ್ದದ್ದು ಒಂದು. ಹೆಚ್ಚಿಗೆ ಒಂಬತ್ತು. ಆರು ಸೆಲ್ಲು, ನಲವತ್ತರ ಹಾಗೆ, ಇನ್ನೂರ ನಲವತ್ತು. ಒಂಬತ್ತು ಇನ್ನೂರ ನಲವತ್ತಲೇ ಎರಡು ಸಾವಿರದ ನೂರ ಅರವತ್ತು. ತಟ್ಟೆ ಹಿಡಿಯೋದು ಎರಡು ಲೀಟರು. ಬಿಸಿಲಿಗೆ ಆರಿದ್ದು ಬಿಟ್ರೂ ಲೆಕ್ಕ ಹತ್ತಿರ ಹತ್ತಿರ ಸರಿಹೋಗತ್ತೆ. ಕಂಪನಿದು ತಪ್ಪಿಲ್ಲ. ಸುಮ್ಮನೆ ಅವರನ್ನ ಬೈದೆ."

"ನೋಡು, ಎಷ್ಟು ಸಲೀಸಾಗಿ ಗುಣಿಸಿದೆ! ನನಗೆ ಬರತ್ತಾ ಇದು? ನಿನಗೇನೂ ಆಗಿಲ್ಲ ಅಕ್ಕ."

"ಗುಣಾಕಾರ ಬರತ್ತೆ. ಬೆಳಿಗ್ಗೆ ಏನು ಮಾಡಿದೆ ಅಂತ ನೆನಪಾಗಲ್ಲ." ಅವಳು ಕನ್ನಡಕ ತೆಗೆದಳು. "ಈ ಹತ್ತರಲ್ಲಿ ಒಂದನ್ನ ಹಾಕಿದ್ದು ಗೊತ್ತಿದೆ ನನಗೆ. ಉಳಿದ ಒಂಬತ್ತು ಯಾರು ಹಾಕಿದ್ರೋ. ಅಕ್ಷರ ನಂದೇ."

ಪಕ್ಕದ ಅಂಗಡಿಯವನು ಹಿಂಬಾಗಿಲಿನಿಂದ ಒಂದು ಬಕೆಟ್ ನೀರನ್ನು ಅಂಗಳಕ್ಕೆ ಎರಚಿದ. ನೆಲ ಹೊಗೆಯಾಡಿದಂತೆ ಆಗಿ ಮತ್ತೆ ಒಣಗಿತು.

"ಲ್ಯಾಬಲ್ಲಿ ಒಬ್ಬ ಹುಡುಗ ಇದ್ದ," ಎಂದಳು ಅಕ್ಕ. "ಒಳ್ಳೆಯವನೇ. ಯಾರದೋ ರಕ್ತದ ರಿಪೋರ್ಟು ತಪ್ಪಾಗಿ ಬರೆದು, ಬ್ಲೇಡಲ್ಲಿ ಕೆರೆದು ಅದರ ಮೇಲೆ ಬೇರೆ ಬರೆದ. ನಾನೇ ದೂರು ಕೊಟ್ಟು ಅವನನ್ನ ತೆಗೆಸಿದೆ. ತಪ್ಪು ಬರೆದದ್ದಕ್ಕಲ್ಲ, ಕೆರೆದದ್ದಕ್ಕೆ. ತಪ್ಪಾದ್ರೆ ಮೇಲೆ ಒಂದೇ ಗೆರೆ ಎಳೀಬೇಕು, ಕೆಳಗಿನದು ಓದೋಕೆ ಬರೋ ಹಾಗೆ. ಪಕ್ಕದಲ್ಲಿ ಸಹಿ. ನಾಳೆ ನೋಡೋವನಿಗೆ ಏನಾಗಿತ್ತು ಅಂತ ಗೊತ್ತಾಗಬೇಕು. ಅವನ ಮನೇಲಿ ಎರಡು ತಿಂಗಳ ಕೂಸಿತ್ತು. ಆದ್ರೂ ತೆಗೆಸಿದೆ."

"ಇದು ಲ್ಯಾಬಲ್ಲ. ಇದು ನಮ್ಮ ವ್ಯಾನು, ನಮ್ಮ ಹಲಗೆ. ಯಾರು ನೋಡ್ತಾರೆ?"

"ನೀನು ನೋಡಿದೆ. ನೋಡಿ ಅಳಿಸೋಕೆ ಕೂತೆ." ಅವಳು ಹಲಗೆಯನ್ನು ಅವನ ಕಡೆ ತಿರುಗಿಸಿದಳು. "ಬರಿ. ಅಳಿಸಿದ್ದನ್ನ ವಾಪಸ್ ಬರಿ. ಹದಿನಾರು, ನಲವತ್ತು. ನಿನ್ನ ಕೈಯಾರೆ. ಸಹಿ ನಿಂದು."

"ಅಕ್ಕ, ಬೇಡ."

"ಬರಿಯೋ."

ಅವನು ಬರೆದ. ಅಕ್ಷರ ಸೊಟ್ಟವಾಯಿತು. ಅವಳು ಪೆನ್ಸಿಲು ತೆಗೆದುಕೊಂಡು ಎರಡನೆಯ ಹದಿನಾರರಿಂದ ಹತ್ತನೆಯದರವರೆಗೆ ಪ್ರತಿ ಸಾಲಿನ ಮೇಲೂ ಒಂದೊಂದು ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿದಳು. ಐದನೆಯ ಸಹಿಯಾದಾಗ ನಿಂತು, ಏನು ಮಾಡುತ್ತಿದ್ದೇನೆಂದು ಮರೆತವಳಂತೆ ಅವನ ಮುಖ ನೋಡಿದಳು. ಅವನು ಆರನೆಯ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದ. ಅವಳು ಮುಂದುವರಿಸಿದಳು.

"ಬ್ಯಾಟರಿಯವನ ಹತ್ರ ನೀನೇ ಹಾಕಿದ್ದು ಅಂದೆ," ಎಂದಳು, ಪೆನ್ಸಿಲು ಇಡುತ್ತ. "ಕೇಳಿಸ್ತು ನನಗೆ."

"ನೀನು ಮಲಗಿದ್ದೆ ಅಂದ್ಕೊಂಡೆ."

"ಇವತ್ತು ಕಾಲಿಗೆ ಬಿತ್ತು. ನಾಳೆ ಸ್ಟೌವ್ ಹಚ್ಚಿಟ್ಟು ಮರೀತೀನಿ. ಒಳಗೆ ನೀನು ಮಲಗಿರ್ತೀಯ. ಆವಾಗ ಯಾರು ಹಚ್ಚಿದ್ದು ಅಂತ ಹೇಳೋಕೆ ನೀನೂ ಇರಲ್ಲ." ಅವಳು ಕಾಲನ್ನು ನಿಧಾನವಾಗಿ ನೆಲಕ್ಕೆ ಇಳಿಸಿದಳು. "ತಂಗಿಗೆ ಏನೋ ಮಾತು ಕೊಟ್ಟಿದ್ದೆಯಲ್ಲ, ಅಡುಗೆಮನೇಲಿ. ನನ್ನ ಬಗ್ಗೆ ಮಾತಾಡುವಾಗ ಇಬ್ಬರೂ ಪಿಸುಗುಡ್ತೀರಿ. ನನಗೆ ಕಿವಿ ಮಂದ ಅಲ್ಲ."

"ಆ ಮಾತು ನನಗೆ ನೆನಪಿಲ್ಲ."

"ನೆನಪಿಲ್ಲ ಅನ್ನೋದು ನನ್ನ ಕಾಯಿಲೆ. ನೀನು ಕದೀಬೇಡ." ಅವಳು ನಕ್ಕಳು. ಅವನಿಗೆ ನಗಲು ಆಗಲಿಲ್ಲ. "ಫೋನ್ ಮಾಡು. ಈಗಲೇ. ನಾಳೆ ಬೆಳಿಗ್ಗೆ ನಾನು ಇದನ್ನೆಲ್ಲ ಮರೆತು, ಹೋಗಲ್ಲ ಅಂತ ಹಟ ಹಿಡಿದ್ರೆ, ನೀನು ಅದನ್ನೇ ನೆಪ ಮಾಡ್ಕೋತೀಯ. ನನಗೆ ಗೊತ್ತಿಲ್ವಾ ನಿನ್ನ ಬುದ್ಧಿ?"

ಅವನು ಐದೂ ಕಾಲಿಗೆ ಫೋನ್ ಮಾಡಿದ. ಬ್ಯಾಟರಿ ಸೋರಿತು ಎಂದಷ್ಟೇ ಹೇಳಿದ.

"ಅಕ್ಕನಿಗೆ ಏನಾದ್ರೂ ಆಯ್ತಾ?"

"ಕಾಲು ಸ್ವಲ್ಪ ಕೆಂಪಾಗಿದೆ. ಏನಿಲ್ಲ."

"ಅಣ್ಣ," ಎಂದಳು ತಂಗಿ. "ನಾನು ಗೆದ್ದೆ ಅಂತ ಅಂದ್ಕೋಬೇಡ ಕಣೋ. ಆ ಹಾಳು ಬ್ಯಾಟರಿ ಇನ್ನೂ ಹತ್ತು ವರ್ಷ ನೆಟ್ಟಗಿರಲಿ ಅಂತಾನೇ ಬೇಡ್ಕೊಂಡಿದ್ದೆ."

ಅಕ್ಕ ಫೋನಿಗೆ ಕೈ ಚಾಚಿದಳು. ಕಿವಿಗಿಟ್ಟುಕೊಂಡು, "ರೂಮಿನ ಕಿಟಕಿ ರಸ್ತೆ ಕಡೆಗಿದೆಯಾ?" ಎಂದು ಕೇಳಿದಳು. ಇದೆ ಎಂದಿರಬೇಕು. "ಹಾಗಾದ್ರೆ ಸರಿ," ಎಂದು ಫೋನು ವಾಪಸ್ ಕೊಟ್ಟಳು.

ಮರುದಿನ ಬೆಳಿಗ್ಗೆ ಅವಳಿಗೆ ಹಿಂದಿನ ದಿನದ್ದು ಏನೂ ನೆನಪಿರಲಿಲ್ಲ. ಕಾಲು ಯಾಕೆ ಉರಿಯುತ್ತಿದೆ ಎಂದು ಕೇಳಿದಳು. ತಮ್ಮ ಹಲಗೆ ತಂದು ತೋರಿಸಿದ. ಗೆರೆ ಎಳೆದ ಸಾಲುಗಳನ್ನು, ಸಹಿಗಳನ್ನು ಅವಳು ಮೊದಲ ಸಲ ನೋಡುವವಳಂತೆ ನೋಡಿ, ಆಮೇಲೆ ಬಟ್ಟೆ ಮಡಚಲು ಶುರು ಮಾಡಿದಳು. ಅವನಿಗೆ ಅದನ್ನು ಇನ್ನೂ ಎರಡು ಸಲ ತೋರಿಸಬೇಕಾಯಿತು. ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ. ಮೂರು ಸಲವೂ ಅವಳು ಓದಿ, ಲೆಕ್ಕ ಹಾಕಿ, ಒಪ್ಪಿಕೊಂಡಳು. ಮೂರನೆಯ ಸಲ ಅವನು ಹಲಗೆ ಹಿಡಿದು ನಿಲ್ಲಲಾರದೆ ಬೆಂಚಿನ ಮೇಲಿಟ್ಟು ಹೊರಗೆ ಹೋದ.

ತಂಗಿ ಗುರುವಾರ ಹತ್ತೂವರೆಗೆ ಬಾಡಿಗೆ ಕಾರಿನಲ್ಲಿ ಬಂದಳು. ಅಕ್ಕನ ಸಾಮಾನು ಎರಡು ಚೀಲವಾಯಿತು. ಕಾರಿನಲ್ಲಿ ಕೂತ ಮೇಲೆ ಅಕ್ಕ ಗಾಜು ಇಳಿಸಿ, ಸಂಜೆ ಬರುವಾಗ ಹೊಲಿಗೆ ಮಿಷನ್ನಿನ ಬೆಲ್ಟು ತರಬೇಕಾ ಎಂದು ಕೇಳಿದಳು. ಬೇಡ, ಇದೆ ಎಂದ ತಮ್ಮ.

ಕಾರು ಹನ್ನೊಂದಕ್ಕೆ ಹೊರಟಿತು. ಟಾರ್ಪಾಲಿನ ಕೆಳಗೆ ಬಿಚ್ಚಿಟ್ಟಿದ್ದ ಮಿಷನ್ನಿನ ರಿಪೇರಿ ಶುಕ್ರವಾರ ಮಧ್ಯಾಹ್ನ ಮುಗಿಯಿತು.